ಚಿತ್ರ ತೆಗೆಯುವವರಿಗೆ ಬೆಳೆ ಗೊತ್ತಿರಬೇಕು

ಕೃಷಿ ಪತ್ರಿಕೆ ಮನೆಗೆ ಬಂದಾಗ ರೈತ ಬಾಂಧವರು ಮೊದಲು ನೋಡುವುದು ಅದರಲ್ಲಿರುವ ಚಿತ್ರಗಳನ್ನು. ಲೇಖನ ಓದುವುದು ಹೊಲದ ಕೆಲಸ ಮುಗಿದು, ಊಟವಾದ ಮೇಲಿನ ಮಾತು. ಅಕ್ಷರ ಬಾರದ ಹಿರಿಯರು ಮನೆಯಲ್ಲಿದ್ದರೆ ಅವರ ಪಾಲಿಗೆ ಚಿತ್ರವೇ ಲೇಖನ. ಚಿತ್ರದಲ್ಲಿ ಕಂಡ ತೆನೆಯ ತೂಕವನ್ನು ಕಣ್ಣಿನಲ್ಲೇ ಅಳೆದು "ಇದು ನಮ್ಮ ಮಣ್ಣಿಗೆ ಆಗುವುದಿಲ್ಲ" ಎಂದೋ, "ಒಂದು ಮಡಿ ಹಾಕಿ ನೋಡೋಣ" ಎಂದೋ ತೀರ್ಮಾನ ಹೇಳುವವರು ಅವರೇ. ಬೀಜಕ್ಕೆ, ಗೊಬ್ಬರಕ್ಕೆ, ಔಷಧಿಗೆ ಹಣ ಹಾಕುವ ನಿರ್ಧಾರ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತದೆ.

ಆದರೂ ಕೃಷಿ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪರಿಶೀಲನೆಯಾಗಿ ಅಚ್ಚಾಗುವುದು ಚಿತ್ರ. ಲೇಖನವನ್ನು ವಿಷಯ ತಜ್ಞರು ಓದಿ ತಿದ್ದುತ್ತಾರೆ. ಗೊಬ್ಬರದ ಪ್ರಮಾಣ ಎಕರೆಗೋ ಹೆಕ್ಟೇರಿಗೋ ಎಂದು ಎರಡೆರಡು ಸಲ ನೋಡುತ್ತಾರೆ. ಚಿತ್ರವನ್ನು ಮಾತ್ರ ಕೊನೆಯ ದಿನ, ಪುಟದಲ್ಲಿ ಜಾಗ ಉಳಿದಷ್ಟು, ಕೈಗೆ ಸಿಕ್ಕಿದ್ದನ್ನು ಹಾಕಿ ಮುಗಿಸುವುದು ರೂಢಿ. ಹೀಗೆ ಬರುವ ಚಿತ್ರಗಳಲ್ಲಿ ಮೂರು ಜಾತಿಗಳನ್ನು ಓದುಗರು ಕಣ್ಣು ಮುಚ್ಚಿ ಹೇಳಬಲ್ಲರು. ಗಣ್ಯರು ದೀಪ ಬೆಳಗುತ್ತಿರುವುದು ಒಂದು. ರೈತರೊಬ್ಬರು ಕುಂಬಳಕಾಯಿಯನ್ನೋ ಬಾಳೆಗೊನೆಯನ್ನೋ ಎದೆಗೆ ಒತ್ತಿ ಹಿಡಿದು ಕ್ಯಾಮೆರಾದತ್ತ ಕಣ್ಣು ಕಿರಿದು ಮಾಡಿ ನಿಂತಿರುವುದು ಎರಡನೆಯದು. ಯಾವ ಊರಿನದೋ, ಯಾವ ತಿಂಗಳಿನದೋ ತಿಳಿಯದ ರೋಗದ ಎಲೆ ಮೂರನೆಯದು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ, ಪುಟ ಹೋಗುತ್ತದೆ, ಅಷ್ಟೆ. ಎರಡನೆಯದು ಬೆಳೆದವರಿಗೆ ಸಂತೋಷ ಕೊಡುತ್ತದೆ, ನೋಡುವವರಿಗೆ ಏನನ್ನೂ ಕಲಿಸುವುದಿಲ್ಲ. ಮೂರನೆಯದರಿಂದ ಮಾತ್ರ ನಿಜವಾದ ಹಾನಿ ಆಗಬಲ್ಲದು.

ಪತ್ರಿಕೆಗಾಗಿ ಚಿತ್ರ ತೆಗೆಯುವುದು ಕ್ಯಾಮೆರಾ ಇದ್ದವರೆಲ್ಲರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪೆಂದು ಈ ಲೇಖಕನ ಅಭಿಪ್ರಾಯ. ಕಸಿ ಕಟ್ಟುವುದಕ್ಕೆ ಹೇಗೆ ಕ್ರಮವಿದೆಯೋ ಹಾಗೆ ಈ ವೃತ್ತಿಗೂ ಕ್ರಮವಿದೆ. ಆ ಕ್ರಮದ ಬಹುಭಾಗ ರೂಪುಗೊಂಡದ್ದು ರೈತರ ಹೊಲಗಳಲ್ಲಿ, ರೈತರ ಕಷ್ಟಕಾಲದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಹಾಗಾಗಿ ಸ್ವಲ್ಪ ಹಳೆಯ ಕಥೆಯಿಂದ ಆರಂಭಿಸುವುದು ಒಳ್ಳೆಯದು.

ಹತ್ತಿಯ ಪಾಠ

1930ರ ದಶಕದಲ್ಲಿ ಅಮೆರಿಕದ ರೈತರ ಸ್ಥಿತಿ ಬಹಳ ಕೆಟ್ಟಿತ್ತು. ಬೆಲೆ ಕುಸಿದಿತ್ತು. ಮೇಲಿಂದ ಮೇಲೆ ಬರ ಬಂದು, ಅತಿಯಾಗಿ ಉತ್ತ ಬಯಲುಗಳ ಮೇಲ್ಮಣ್ಣು ಗಾಳಿಗೆ ಎದ್ದು ಧೂಳಿನ ಬಿರುಗಾಳಿಯಾಗಿತ್ತು. ಲಕ್ಷಾಂತರ ಜನ ಊರು ಬಿಟ್ಟು ಕೂಲಿಗಾಗಿ ಪಶ್ಚಿಮದ ಕಡೆ ಹೊರಟಿದ್ದರು. ಇವರ ಪುನರ್ವಸತಿಗಾಗಿ 1935ರಲ್ಲಿ ಸರ್ಕಾರ ಒಂದು ಸಂಸ್ಥೆ ತೆರೆಯಿತು. 1937ರಲ್ಲಿ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಹೆಸರು ಬಂತು. ಅದರಲ್ಲಿ ಚಿತ್ರ ತೆಗೆಯುವ ಒಂದು ವಿಭಾಗವಿತ್ತು. ಹಳ್ಳಿಯ ಸ್ಥಿತಿಯನ್ನು ಪಟ್ಟಣದ ಜನರಿಗೆ ಪತ್ರಿಕೆಗಳ ಮೂಲಕ ತೋರಿಸುವುದು ಅದರ ಕೆಲಸ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೂ ಒಂದು ವಿಸ್ತರಣಾ ವಿಭಾಗವೇ, ಹಳ್ಳಿಯಿಂದ ಪಟ್ಟಣದತ್ತ ನಡೆದ ವಿಸ್ತರಣೆ ಎಂಬುದಷ್ಟೇ ವ್ಯತ್ಯಾಸ.

ಈ ವಿಭಾಗದ ಮುಖ್ಯಸ್ಥರಾಗಿದ್ದ ರಾಯ್ ಸ್ಟ್ರೈಕರ್ ಛಾಯಾಗ್ರಾಹಕರಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು. ಕಾರ್ಲ್ ಮೈಡಾನ್ಸ್ ಎಂಬ ತರುಣ ಛಾಯಾಗ್ರಾಹಕರನ್ನು ಅವರು ದಕ್ಷಿಣದ ರಾಜ್ಯಗಳಿಗೆ ಹತ್ತಿ ಬೆಳೆಯ ಚಿತ್ರಗಳಿಗಾಗಿ ಕಳುಹಿಸಬೇಕಿತ್ತು. ಸಾಮಾನು ಕಟ್ಟಿಕೊಂಡು ಹೊರಡಲು ಸಿದ್ಧರಾಗಿ ಬಂದ ಮೈಡಾನ್ಸ್‌ರನ್ನು ಸ್ಟ್ರೈಕರ್ ಕೇಳಿದ ಪ್ರಶ್ನೆ ಒಂದೇ: ಹತ್ತಿಯ ಬಗ್ಗೆ ನಿಮಗೇನು ಗೊತ್ತು? ಹೆಚ್ಚೇನೂ ಇಲ್ಲ ಎಂಬ ಉತ್ತರ ಬಂದಾಗ ಪ್ರಯಾಣದ ಟಿಕೆಟ್ ರದ್ದಾಯಿತು. ಅಂದು ಮಧ್ಯಾಹ್ನದ ಊಟ, ರಾತ್ರಿಯ ಊಟ ಎಲ್ಲವೂ ಹತ್ತಿಯ ಮಾತಿನಲ್ಲೇ ಕಳೆಯಿತು. ಹತ್ತಿ ಬೆಳೆಯಾಗಿ ಹೇಗೆ, ವ್ಯಾಪಾರದ ಸರಕಾಗಿ ಹೇಗೆ, ಅದು ದಕ್ಷಿಣದ ಜನಜೀವನವನ್ನು, ದೇಶದ ರಾಜಕೀಯವನ್ನು ಹೇಗೆ ಬದಲಾಯಿಸಿತು ಎಂದು ರಾತ್ರಿ ಬಹಳ ಹೊತ್ತಿನವರೆಗೆ ಸ್ಟ್ರೈಕರ್ ಪಾಠ ಹೇಳಿದರು. ಆಮೇಲೆಯೇ ಮೈಡಾನ್ಸ್ ಹೊರಟದ್ದು. ಇದನ್ನು ಮುಂದೆ ಸ್ವತಃ ಮೈಡಾನ್ಸ್ ಹೇಳಿಕೊಂಡಿದ್ದಾರೆ. ಅವರು 1936ರಲ್ಲಿ ಹೊಸದಾಗಿ ಆರಂಭವಾದ ಲೈಫ್ ವಾರಪತ್ರಿಕೆಗೆ ಸೇರಿ ಹೆಸರು ಮಾಡಿದರು.

ಸ್ಟ್ರೈಕರ್ ತಮ್ಮ ಛಾಯಾಗ್ರಾಹಕರಿಗೆ ಪಟ್ಟಿಗಳನ್ನು ಬರೆದು ಕಳುಹಿಸುತ್ತಿದ್ದರು. ಯಾವ ಊರಿನಲ್ಲಿ ಏನನ್ನು ಗಮನಿಸಬೇಕು, ಜನ ಸಂಜೆ ಎಲ್ಲಿ ಸೇರುತ್ತಾರೆ, ಮನೆಯ ಗೋಡೆಯ ಮೇಲೆ ಏನಿರುತ್ತದೆ ಎಂಬಂತಹ ವಿವರಗಳು ಅವುಗಳಲ್ಲಿರುತ್ತಿದ್ದವು. ಅವರ ಒಂದು ಕೆಟ್ಟ ಅಭ್ಯಾಸವನ್ನೂ ಹೇಳಬೇಕು. ತಮಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ರಂಧ್ರ ಹೊಡೆದು ಕೆಡಿಸುತ್ತಿದ್ದರು. ಅದನ್ನು ಸಹಿಸಿಕೊಂಡ ಛಾಯಾಗ್ರಾಹಕರು ಕಡಿಮೆ. ಆದರೂ ಆ ಯೋಜನೆಯಿಂದ ಉಳಿದು ಬಂದ ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು ಇಂದು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿವೆ. ರೈತರ ಬದುಕಿನ ಬಗ್ಗೆ ಇಷ್ಟು ದೊಡ್ಡ ಚಿತ್ರ ಸಂಗ್ರಹಗಳು ಜಗತ್ತಿನಲ್ಲಿ ವಿರಳ.

ಈಗ ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ರಾಗಿಯ ಬಗ್ಗೆ ಚಿತ್ರ ಲೇಖನ ಬೇಕೆಂದು ಪೇಟೆಯಿಂದ ಬಂದವರು ಡಿಸೆಂಬರಿನಲ್ಲಿ ಬಂದು, ಟಾರು ರಸ್ತೆಯ ಮೇಲೆ ಹರಡಿದ ತೆನೆಯ ಮೇಲೆ ಬಸ್ಸು ಹಾಯುವುದನ್ನು ತೆಗೆದುಕೊಂಡು ಹೋಗುತ್ತಾರೆ. ನೋಡಲು ವಿಚಿತ್ರವಾಗಿದೆ, ಸರಿ. ಕಣ ಮಾಡುವುದಕ್ಕೆ ಬೇಕಾದ ಜಾಗ, ಆಳು, ಸಗಣಿ ಸಾರಿಸುವ ಕೈ, ರೋಣಗಲ್ಲು ಎಳೆಯುವ ಎತ್ತು ಇವೆಲ್ಲ ಮನೆಯಿಂದ ಏಕೆ ಹೋದವು ಎಂದು ಅವರು ಕೇಳುವುದಿಲ್ಲ. ಬೆಳೆ ಬಲ್ಲವರಾದರೆ ಜುಲೈನಲ್ಲೇ ಬರುತ್ತಾರೆ. ಬಿತ್ತಿದ ಮೇಲೆ ಕುಂಟೆ ಹೊಡೆಯುವುದನ್ನು ನೋಡುತ್ತಾರೆ. ತೆನೆಯ ಕುತ್ತಿಗೆಗೆ ಬೆಂಕಿ ರೋಗ ಬಿದ್ದಾಗ ಹೊಲದ ಬದುವಿನಲ್ಲಿ ಕುಳಿತ ಯಜಮಾನನ ಪಕ್ಕದಲ್ಲಿ ತಾವೂ ಕುಳಿತುಕೊಳ್ಳುತ್ತಾರೆ. ಮಳೆ ನೀರು ಒಳಗಿಳಿಯದಂತೆ ಮೆದೆ ಒಟ್ಟುವ ಕೈ ಯಾವ ಊರಿನಲ್ಲಿದೆ ಎಂದು ವಿಚಾರಿಸಿಕೊಂಡು ಹೋಗುತ್ತಾರೆ. ಆಮೇಲೆ ಅದೇ ರಸ್ತೆಯ ಚಿತ್ರ ತೆಗೆದರೂ ಅದರ ಅರ್ಥವೇ ಬೇರೆಯಾಗುತ್ತದೆ.

ಮೂರು ದೂರಗಳು

ಲೈಫ್ ಪತ್ರಿಕೆ ಮತ್ತು ಅದರ ಹಾದಿಯಲ್ಲಿ ಬಂದ ಪತ್ರಿಕೆಗಳು ಚಿತ್ರ ಲೇಖನಕ್ಕೆ ಒಂದು ಕಟ್ಟುಪಾಡನ್ನು ರೂಢಿಸಿದವು. ಊರು ಪೂರ್ತಿ ಕಾಣುವ ದೂರದ ಚಿತ್ರ ಬೇಕು. ಕೆಲಸ ನಡೆಯುವ ಜಾಗ ತಿಳಿಯುವಂತೆ ನಡುವಿನ ದೂರದ ಚಿತ್ರ ಬೇಕು. ಕೈ, ಹತಾರ, ಎಲೆ ಮುಂತಾದವುಗಳ ಹತ್ತಿರದ ಚಿತ್ರ ಬೇಕು. ಇವುಗಳೊಡನೆ ವ್ಯಕ್ತಿಯ ಮುಖ, ಇಬ್ಬರ ನಡುವಿನ ಮಾತುಕತೆ, ಕೆಲಸ ಹಂತ ಹಂತವಾಗಿ ಸಾಗುವ ಸರಣಿ, ಮತ್ತು ಇಡೀ ಕಥೆಯನ್ನು ಒಂದರಲ್ಲೇ ಹಿಡಿಯುವ ಚಿತ್ರ. ಹೀಗೆ ಬೇರೆ ಬೇರೆ ಬಗೆಯ ಏಳೆಂಟು ಚಿತ್ರಗಳಿಲ್ಲದೆ ಸಂಪಾದಕರ ಮೇಜಿನ ಬಳಿ ಹೋಗಬಾರದೆಂದು ತರುಣರಿಗೆ ಕಲಿಸುತ್ತಿದ್ದರು. ಕಲಾವಿದರು ಇದನ್ನು ಅಡುಗೆಯ ಅಳತೆಪಟ್ಟಿ ಎಂದು ಗೇಲಿ ಮಾಡಿದ್ದುಂಟು. ಆದರೆ ಕೃಷಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಇನ್ನೊಂದಿಲ್ಲ. ಕಾರಣ ಹೇಳುತ್ತೇನೆ.

ಮೆಕ್ಕೆಜೋಳದ ಒಂದು ಹಳದಿ ಎಲೆಯ ಚಿತ್ರ ಪುಟದ ತುಂಬ ಅಚ್ಚಾಗಿದೆ ಎನ್ನಿ. ಅದನ್ನು ನೋಡಿ ಏನೆಂದು ತಿಳಿಯಬೇಕು? ಸಾರಜನಕದ ಕೊರತೆಯಾದರೆ ಹಳದಿ ಬಣ್ಣ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಾಣಿಸಿಕೊಂಡು, ತುದಿಯಿಂದ ನಡುನರದ ಗುಂಟ ಒಳಗೆ ಸಾಗುತ್ತದೆ. ಪೊಟ್ಯಾಷ್ ಕೊರತೆಯೂ ಕೆಳಗಿನ ಎಲೆಗಳಲ್ಲೇ ಆರಂಭ, ಆದರೆ ಅಂಚು ಸುಟ್ಟಂತಾಗುತ್ತದೆ. ಗಂಧಕದ ಕೊರತೆ ಮೇಲಿನ ಎಳೆ ಎಲೆಗಳನ್ನು ಬಿಳಿಚಿಸುತ್ತದೆ. ಕಬ್ಬಿಣದ ಕೊರತೆಯಲ್ಲಿ ಎಳೆ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಸತುವಿನ ಕೊರತೆಯಲ್ಲಿ ಎಳೆ ಎಲೆಗಳ ಬುಡದ ಕಡೆ ಬಿಳಿಯ ಪಟ್ಟೆ. ಅಂದರೆ ಎಲೆ ಗಿಡದ ಮೇಲಿನದೋ ಕೆಳಗಿನದೋ ಎಂಬುದು ತಿಳಿಯದ ಹೊರತು ರೋಗನಿರ್ಣಯವೇ ಸಾಧ್ಯವಿಲ್ಲ. ಕಿತ್ತು ಅಂಗೈ ಮೇಲೆ ಇಟ್ಟು ತೆಗೆದ ಎಲೆಯ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದು ಅರ್ಧ ಸುಳ್ಳು. ಇಡೀ ಗಿಡದ ಒಂದು, ಸಾಲಿನ ಒಂದು, ಹೊಲದಲ್ಲಿ ಅದು ಹರಡಿರುವ ರೀತಿಯ ಒಂದು ಚಿತ್ರ ಜೊತೆಗಿದ್ದರೆ ತಜ್ಞರು ಬಾಯಿ ತೆರೆಯಬಹುದು. ತಗ್ಗಿನಲ್ಲಿ ನೀರು ನಿಂತ ಕಡೆ ಮಾತ್ರ ಹಳದಿಯಾಗಿದೆಯೇ, ಹೊಲ ಪೂರ್ತಿ ಆಗಿದೆಯೇ ಎಂಬುದನ್ನು ದೂರದ ಚಿತ್ರವೇ ಹೇಳಬೇಕು. ಈಗ ರೈತರು ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೋ ಔಷಧಿ ಅಂಗಡಿಗೋ ಕಳುಹಿಸುವುದು ಸಾಮಾನ್ಯವಾಗಿದೆ. ಒಂದೇ ಎಲೆಯ ಚಿತ್ರ ನೋಡಿ ಅಂಗಡಿಯವರು ಮೂರು ಡಬ್ಬಿ ಕೊಟ್ಟರೆ ಆಶ್ಚರ್ಯವೇನು?

ಇನ್ನೂ ಕೆಲವು ಸಣ್ಣ ವಿಷಯಗಳಿವೆ. ಎಲೆಯ ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಳತೆ ಪಟ್ಟಿಯನ್ನೋ ಇಟ್ಟರೆ ಚುಕ್ಕೆಯ, ಹುಳುವಿನ ಗಾತ್ರ ತಿಳಿಯುತ್ತದೆ. ಎಲೆಯ ಕೆಳಮೈಯನ್ನೂ ತೆಗೆಯಬೇಕು, ಏಕೆಂದರೆ ಹೇನು, ನುಸಿ, ಬೂಜು ಬಹುಪಾಲು ಇರುವುದು ಅಲ್ಲಿಯೇ. ಸಂಜೆಯ ಕೆಂಪು ಬಿಸಿಲಿನಲ್ಲಿ ಆರೋಗ್ಯವಂತ ಎಲೆಯೂ ಹಳದಿಯಾಗಿ ಕಾಣುತ್ತದೆ. ಹಸಿರು ನೆರಳು ಪರದೆಯ ಕೆಳಗೆ ರೋಗದ ಎಲೆಯೂ ಹಸಿರಾಗಿ ಕಾಣುತ್ತದೆ. ಮೊಬೈಲುಗಳು ಬಣ್ಣವನ್ನು ತಾವಾಗಿಯೇ ಗಾಢ ಮಾಡುವುದೂ ಉಂಟು. ಬೆಳಗಿನ ಎಂಟು ಒಂಬತ್ತು ಗಂಟೆಯ ಬೆಳಕಿನಲ್ಲಿ, ಅಥವಾ ತೆಳುಮೋಡ ಇರುವಾಗ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆದರೆ ಬಣ್ಣದ ಬಗ್ಗೆ ಜಗಳ ಇರುವುದಿಲ್ಲ. ಮನುಷ್ಯರ ಚಿತ್ರಕ್ಕೂ ನಡುಹಗಲು ಒಳ್ಳೆಯದಲ್ಲ. ನೆತ್ತಿಯ ಬಿಸಿಲಿನಲ್ಲಿ ರುಮಾಲಿನ ನೆರಳು ಕಣ್ಣಿನ ಮೇಲೆ ಬಿದ್ದು ಮುಖ ಕಪ್ಪಾಗುತ್ತದೆ. ಹುಣಸೆ ಮರದ ನೆರಳಿನ ಅಂಚಿಗೆ ಕರೆದು ಕೂರಿಸಿದರೆ ಅವರಿಗೂ ಹಿತ, ಚಿತ್ರಕ್ಕೂ ಹಿತ.

ಹಂತ ಹಂತದ ಸರಣಿಯ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಮಾವಿನ ಮೆದುಕಾಂಡ ಕಸಿ ಕಟ್ಟುವ ವಿಧಾನವನ್ನು ಚಿತ್ರದಲ್ಲಿ ತೋರಿಸುವಾಗ ನಮ್ಮವರು ಕಸಿ ಕಟ್ಟುವವರ ಎದುರಿಗೆ ನಿಂತು ತೆಗೆಯುತ್ತಾರೆ. ಇದರಿಂದ ಕಲಿಯುವವರಿಗೆ ಎಡಬಲ ಅದಲುಬದಲಾಗಿ ಕಾಣುತ್ತದೆ. ಚಾಕು ಯಾವ ಕಡೆಯಿಂದ ಇಳಿಯಿತು, ಹೆಬ್ಬೆರಳು ಎಲ್ಲಿ ಒತ್ತಿತ್ತು ಎಂಬುದು ತಲೆಕೆಳಗಾಗುತ್ತದೆ. ಕೆಲಸಗಾರರ ಹೆಗಲ ಹಿಂದೆ ನಿಂತು, ಅವರ ಕಣ್ಣಿಗೆ ಹೇಗೆ ಕಾಣುತ್ತದೆಯೋ ಹಾಗೆ ತೆಗೆಯಬೇಕು. ಮುಖ ಕಾಣುವುದಿಲ್ಲ ಎಂಬುದು ನಿಜ. ಮುಖಕ್ಕೆ ಬೇರೆ ಚಿತ್ರ ಇರಲಿ. ಕಸಿಕಡ್ಡಿಯ ಬುಡವನ್ನು ಬೆಣೆಯಾಕಾರದಲ್ಲಿ ಸೀಳುವುದು, ಬೇರುಸಸಿಯ ಕಾಂಡದಲ್ಲಿ ಅದಕ್ಕೆ ಸರಿಯಾದ ಸೀಳು ಮಾಡುವುದು, ಎರಡರ ತೊಗಟೆಯನ್ನೂ ಕೂಡಿಸುವುದು, ಪಾಲಿಥೀನ್ ಪಟ್ಟಿ ಸುತ್ತುವುದು ಈ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಸರಣಿ ನಿರುಪಯುಕ್ತ. ಬಹುಮಟ್ಟಿಗೆ ಬಿಟ್ಟುಹೋಗುವುದು ತೊಗಟೆ ಕೂಡಿಸುವ ಹಂತವೇ, ಏಕೆಂದರೆ ಅದು ನಿಮಿಷದೊಳಗೆ ಮುಗಿದುಹೋಗುತ್ತದೆ. ಕಸಿ ಬಲ್ಲ ಛಾಯಾಗ್ರಾಹಕರು ಮಾತ್ರ ಅದಕ್ಕಾಗಿ ಕಾದಿರುತ್ತಾರೆ.

ಅಚ್ಚಿನ ಮಿತಿಯನ್ನೂ ಮರೆಯಬಾರದು. ಚಿತ್ರವು ಪುಟದ ಮೇಲೆ ಸಣ್ಣ ಚುಕ್ಕೆಗಳಾಗಿ ಮುದ್ರಣವಾಗುತ್ತದೆ. ನಯವಾದ ಕಾಗದದಲ್ಲಿ ಅಂಗುಲಕ್ಕೆ 133ರಿಂದ 150 ಸಾಲು ಚುಕ್ಕೆ ಹಿಡಿದರೆ, ಸುದ್ದಿ ಕಾಗದದಲ್ಲಿ 65ರಿಂದ 85 ಮಾತ್ರ. ಬಣ್ಣದ ಪರದೆಯ ಮೇಲೆ ಚೆನ್ನಾಗಿ ಕಂಡ ಸೂಜಿಮೊನೆಯಷ್ಟು ಚುಕ್ಕೆರೋಗ ಸುದ್ದಿ ಕಾಗದದಲ್ಲಿ ಮಾಯವಾಗುತ್ತದೆ. ಅಂತಹ ಚಿತ್ರವನ್ನು ದೊಡ್ಡದಾಗಿ ಹಾಕಬೇಕು, ಇಲ್ಲವೇ ಗೆರೆಚಿತ್ರ ಬರೆಸಬೇಕು. ಅಂಚೆಚೀಟಿಯಷ್ಟು ಅಳತೆಯಲ್ಲಿ ಹಾಕಿ "ಚಿತ್ರ ನೋಡಿ" ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ಇಪ್ಪತ್ತಮೂರು ದಿನ ಮತ್ತು ಅರ್ಧ ಗಂಟೆ

1948ರ ಸೆಪ್ಟೆಂಬರಿನಲ್ಲಿ ಲೈಫ್ ಪತ್ರಿಕೆ ಡಬ್ಲ್ಯೂ. ಯೂಜೀನ್ ಸ್ಮಿತ್ ಅವರ ಒಂದು ಚಿತ್ರ ಲೇಖನವನ್ನು ಪ್ರಕಟಿಸಿತು. ಕೊಲರಾಡೋ ರಾಜ್ಯದ ಕ್ರೆಮ್ಲಿಂಗ್ ಎಂಬ ಊರಿನ ವೈದ್ಯ ಅರ್ನೆಸ್ಟ್ ಸೀರಿಯಾನಿ ಅವರ ಕುರಿತು. ಸುಮಾರು 400 ಚದರ ಮೈಲಿಯಲ್ಲಿ ಹರಡಿದ 2,000 ಜನಕ್ಕೆ ಇದ್ದ ಒಬ್ಬರೇ ವೈದ್ಯರು ಅವರು. ಸ್ಮಿತ್ ಅವರ ಹಿಂದೆ 23 ದಿನ ತಿರುಗಿದರು. ಆರಂಭದಲ್ಲಿ ಕ್ಯಾಮೆರಾಕ್ಕೆ ಫಿಲ್ಮನ್ನೇ ಹಾಕದೆ ತೆಗೆದಂತೆ ಮಾಡುತ್ತಿದ್ದರೆಂದು, ವೈದ್ಯರಿಗೆ ತಮ್ಮ ಇರವು ಅಭ್ಯಾಸವಾಗಲೆಂದೇ ಹೀಗೆ ಮಾಡಿದರೆಂದು ಹೇಳುವುದುಂಟು. ಕೊನೆಗೆ ಅಚ್ಚಾದ ಚಿತ್ರಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ದುಡಿದು, ಕಾಫಿ ಬಟ್ಟಲು ಹಿಡಿದು ಅಡಿಗೆಮನೆಯಲ್ಲಿ ಒರಗಿ ನಿಂತ ವೈದ್ಯರ ಚಿತ್ರವಿದೆ. ಅದಕ್ಕೆ ಯಾರೂ "ಹೀಗೆ ನಿಲ್ಲಿ" ಎಂದು ಹೇಳಲಾರರು.

ನಮ್ಮಲ್ಲಿ ಏನಾಗುತ್ತದೆ? ಜೀಪು ಹೊಲದ ಬದುವಿನ ಬಳಿ ನಿಲ್ಲುತ್ತದೆ. ರೈತರು ಮನೆಗೆ ಓಡಿ ಬಿಳಿ ಅಂಗಿ ಹಾಕಿಕೊಂಡು ಬರುತ್ತಾರೆ. ಅರ್ಧ ಗಂಟೆಯಲ್ಲಿ ಚಿತ್ರ, ಎಳನೀರು, ಪ್ರಯಾಣ ಎಲ್ಲ ಮುಗಿಯುತ್ತದೆ. ಇದರಲ್ಲಿ ಛಾಯಾಗ್ರಾಹಕರದ್ದೇ ತಪ್ಪು ಎನ್ನಲಾಗದು. ಅವರಿಗೆ ಒಂದೇ ದಿನದಲ್ಲಿ ನಾಲ್ಕು ತಾಲ್ಲೂಕು ಮುಗಿಸಬೇಕಾಗಿರುತ್ತದೆ. ಸಮಯ ಕೊಡುವುದು ಸಂಪಾದಕರ ಮತ್ತು ಸಂಸ್ಥೆಯ ಕೆಲಸ. ಒಂದು ವರ್ಷದಲ್ಲಿ ಹತ್ತು ರೈತರ ಬದಲು ಇಬ್ಬರದೇ ಕಥೆ ಬರಲಿ, ಆದರೆ ಬಿತ್ತನೆಯಿಂದ ಮಾರುಕಟ್ಟೆಯವರೆಗೆ ಬರಲಿ ಎಂಬುದು ನನ್ನ ಸಲಹೆ. ಮಾರುಕಟ್ಟೆಯ ಚಿತ್ರ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಅಪರೂಪ ಎಂಬುದನ್ನು ಗಮನಿಸಿದ್ದೀರಾ? ಇಳುವರಿಯ ಚಿತ್ರ ಇರುತ್ತದೆ. ಹರಾಜು ಕಟ್ಟೆಯಲ್ಲಿ ಬೆಲೆ ಕೇಳಿ ಮುಖ ಬಾಡಿದ ಚಿತ್ರ ಇರುವುದಿಲ್ಲ.

ಮೈಸೂರಿನವರಾದ ಟಿ. ಎಸ್. ಸತ್ಯನ್ (1923–2009) ಈ ವೃತ್ತಿಯಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರು ತಂದವರು. ಅವರ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದವು. ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಹಳ್ಳಿಹಳ್ಳಿ ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ಮಕ್ಕಳು, ಕೂಲಿಯವರು, ಮುದುಕಿಯರು ತಮ್ಮ ಪಾಡಿಗೆ ತಾವಿರುತ್ತಾರೆ. ಚಿತ್ರ ತೆಗೆಯುವವರು ಅಲ್ಲಿದ್ದಾರೆಂಬುದನ್ನು ಮರೆಯುವಷ್ಟು ಹೊತ್ತು ಅವರ ಜೊತೆ ಇದ್ದವರಿಗೆ ಮಾತ್ರ ಹೀಗೆ ಸಿಗುತ್ತದೆ.

ಹತ್ತು ಅಡಿ ಸರಿಸಿದ ತಲೆಬುರುಡೆ

ಬರದ ಚಿತ್ರ ತೆಗೆಯುವವರು ಒಂದು ಘಟನೆಯನ್ನು ನೆನಪಿಡಬೇಕು. 1936ರಲ್ಲಿ ಸ್ಟ್ರೈಕರ್ ವಿಭಾಗದ ಆರ್ಥರ್ ರಾತ್‌ಸ್ಟೀನ್ ದಕ್ಷಿಣ ಡಕೋಟಾದ ಒಣನೆಲದಲ್ಲಿ ಬಿಸಿಲಿಗೆ ಬಿಳಿಚಿದ ದನದ ತಲೆಬುರುಡೆಯೊಂದನ್ನು ಕಂಡರು. ಬೆಳಕು ನೆರಳು ಹೇಗೆ ಬೀಳುತ್ತದೆಂದು ನೋಡಲು ಅದನ್ನು ಸುಮಾರು ಹತ್ತು ಅಡಿ ಸರಿಸಿ, ಬಿರುಕು ಬಿಟ್ಟ ನೆಲದ ಮೇಲೊಮ್ಮೆ ಹುಲ್ಲಿನ ಮೇಲೊಮ್ಮೆ ಇಟ್ಟು ಹಲವು ಚಿತ್ರ ತೆಗೆದರು. ಅದು ಬರದ ಗುರುತಾಗಿ ಪತ್ರಿಕೆಗಳಲ್ಲಿ ಬಂತು. ಅದೇ ಆಗಸ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬರ ವೀಕ್ಷಣೆಗೆ ಹೊರಟಾಗ ಉತ್ತರ ಡಕೋಟಾದ ಪತ್ರಿಕೆಯೊಂದು ಇದು ಖೊಟ್ಟಿ ಎಂದು ಬರೆಯಿತು. ಒಂದೇ ತಲೆಬುರುಡೆ ಎರಡು ಜಾಗದಲ್ಲಿ ಇರುವುದೆಂತು ಎಂದು ವಿರೋಧ ಪಕ್ಷದವರು ಹಿಡಿದುಕೊಂಡರು. ಬರವಂತೂ ನಿಜವಾಗಿಯೇ ಇತ್ತು. ದನಗಳು ಸತ್ತದ್ದೂ ನಿಜ. ಆದರೆ ಸರಿಸಿದ ಹತ್ತು ಅಡಿಯಿಂದಾಗಿ ಬರವೇ ಸುಳ್ಳು ಎನ್ನುವವರಿಗೆ ಬಾಯಿ ಬಂತು.

ನಮ್ಮಲ್ಲಿಯೂ ಪರಿಹಾರದ ಅರ್ಜಿಗೆ, ಬೆಳೆ ವಿಮೆಗೆ, ಪ್ರಾತ್ಯಕ್ಷಿಕೆಯ ವರದಿಗೆ ಚಿತ್ರವೇ ಸಾಕ್ಷಿ. ಗೊಬ್ಬರ ಕೊಟ್ಟ ತಾಕಿನ ಚೆನ್ನಾದ ಗಿಡವನ್ನು ಹತ್ತಿರದಿಂದಲೂ, ಕೊಡದ ತಾಕಿನ ಗಿಡವನ್ನು ದೂರದಿಂದಲೂ ತೆಗೆದು ಅಕ್ಕಪಕ್ಕ ಹಾಕಿದರೆ ಅದೂ ತಲೆಬುರುಡೆ ಸರಿಸಿದಂತೆಯೇ. ಇಂದು ಹೊಲವೇ ಇಲ್ಲದೆ ಬೆಳೆಯ ಚಿತ್ರವನ್ನು ಯಂತ್ರ ಹುಟ್ಟಿಸಿ ಕೊಡುವ ಕಾಲ ಬಂದಿದೆ. ಇಂತಹ ಚಿತ್ರವನ್ನು ಅಲಂಕಾರಕ್ಕೆಂದು ಕೂಡ ಕೃಷಿ ಪತ್ರಿಕೆಯಲ್ಲಿ ಹಾಕಕೂಡದು. ರೈತರು ಅದರಲ್ಲಿನ ಕಾಯಿ ಎಣಿಸುತ್ತಾರೆ.

ಹೆಸರು ಕೇಳದ ಚಿತ್ರ

ಆ ಕಾಲದ ಚಿತ್ರಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಡೊರೊತಿಯಾ ಲ್ಯಾಂಗ್ ಅವರು 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ತೆಗೆದದ್ದು. ಬಟಾಣಿ ಬೆಳೆ ಹಿಮಕ್ಕೆ ಸಿಕ್ಕಿ ಹಾಳಾಗಿ, ಕೊಯ್ಲಿಗೆ ಬಂದ ಕೂಲಿಕಾರರು ಕೆಲಸವಿಲ್ಲದೆ ಅಲ್ಲಿಯೇ ಉಳಿದಿದ್ದರು. ಗುಡಾರದ ಬಾಯಲ್ಲಿ ಮಕ್ಕಳೊಡನೆ ಕುಳಿತ, ಕೆನ್ನೆಗೆ ಕೈ ಹಚ್ಚಿ ಯೋಚಿಸುತ್ತಿರುವ ತಾಯಿ. ಲ್ಯಾಂಗ್ ಅಲ್ಲಿದ್ದದ್ದು ಹತ್ತೇ ನಿಮಿಷ. ತಾವು ಆಕೆಯ ಹೆಸರನ್ನಾಗಲಿ ಕಥೆಯನ್ನಾಗಲಿ ಕೇಳಲಿಲ್ಲವೆಂದು ಅವರೇ 1960ರಲ್ಲಿ ಬರೆದರು. ಆ ಶಿಬಿರದ ಚಿತ್ರಗಳು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಬಂದಕೂಡಲೇ ಸರ್ಕಾರ 20,000 ಪೌಂಡು, ಎಂದರೆ ಸುಮಾರು 9,000 ಕಿಲೋ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ಕುಟುಂಬ ಮುಂದಿನ ಊರಿಗೆ ಹೊರಟುಹೋಗಿತ್ತು.

ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ, ಚಿತ್ರ ತೆಗೆದ 42 ವರ್ಷಗಳ ಮೇಲೆ. ತಮಗೆ ಅದರಿಂದ ಒಂದು ಕಾಸೂ ಬರಲಿಲ್ಲವೆಂದು ಆಕೆ ನೊಂದುಕೊಂಡರು. ಊಟಕ್ಕಾಗಿ ಕಾರಿನ ಟೈರು ಮಾರಿದ್ದರೆಂದು ಲ್ಯಾಂಗ್ ಬರೆದಿದ್ದನ್ನು ಮಗ ಅಲ್ಲಗಳೆದರು. ಆಕೆ ಚೆರೊಕೀ ಮೂಲನಿವಾಸಿ ಕುಲದವರೆಂಬುದನ್ನು ಚಿತ್ರ ನೋಡಿ ಕಣ್ಣೀರಿಟ್ಟ ಲಕ್ಷಾಂತರ ಜನರಲ್ಲಿ ಯಾರೂ ಅರಿಯರು. ಲ್ಯಾಂಗ್ ಅವರನ್ನು ಹಗುರವಾಗಿ ಕಾಣುವಂತಿಲ್ಲ. ಕೃಷಿ ಅರ್ಥಶಾಸ್ತ್ರಜ್ಞರಾದ ಪತಿ ಪಾಲ್ ಟೇಲರ್ ಜೊತೆ ತಿರುಗಿ, ರೈತರಾಡಿದ ಮಾತನ್ನು ಅಂದಂದೇ ಬರೆದಿಟ್ಟುಕೊಂಡು ಚಿತ್ರದ ಕೆಳಗೆ ಅಚ್ಚು ಹಾಕಿಸಿದವರು ಅವರು. ಇಬ್ಬರೂ ಸೇರಿ 1939ರಲ್ಲಿ ಹೊರತಂದ ಪುಸ್ತಕ ಇದಕ್ಕೆ ಮಾದರಿ. ಅಂತಹವರಿಂದಲೂ ಹತ್ತು ನಿಮಿಷದ ಅವಸರದಲ್ಲಿ ಹೀಗಾಯಿತು ಎಂಬುದೇ ನಾವು ಗಮನಿಸಬೇಕಾದದ್ದು.

ಇದಕ್ಕಿಂತ ಭಿನ್ನವಾದ ಇನ್ನೊಂದು ಉದಾಹರಣೆ ಜಪಾನಿನ ಮಿನಾಮಾತಾದ್ದು. ಅಲ್ಲಿನ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಮಂಡಲವನ್ನು ಕೆಡಿಸಿತ್ತು. ಯೂಜೀನ್ ಸ್ಮಿತ್ ಮತ್ತು ಐಲೀನ್ ಸ್ಮಿತ್ ದಂಪತಿಗಳು 1971ರಿಂದ ಸುಮಾರು ಮೂರು ವರ್ಷ ಆ ಮೀನುಗಾರರ ನಡುವೆ ಮನೆ ಮಾಡಿಕೊಂಡಿದ್ದರು. 1972ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದ ಒಂದು ಚಿತ್ರದಲ್ಲಿ ತಾಯಿಯೊಬ್ಬರು ರೋಗಪೀಡಿತ ಮಗಳಿಗೆ ಸ್ನಾನ ಮಾಡಿಸುತ್ತಿದ್ದಾರೆ. ಜಗತ್ತಿಗೆ ಆ ರೋಗದ ಪರಿಚಯವಾದದ್ದು ಬಹುಮಟ್ಟಿಗೆ ಈ ಚಿತ್ರದಿಂದ. ಮಗಳು 1977ರಲ್ಲಿ ತೀರಿಕೊಂಡಳು. ಅವಳು ಇನ್ನಾದರೂ ವಿಶ್ರಾಂತಿ ಪಡೆಯಲೆಂದು ತಂದೆತಾಯಿ ಬಯಸಿದಾಗ, ಐಲೀನ್ 1998ರಲ್ಲಿ ಆ ಚಿತ್ರದ ನಿರ್ಧಾರವನ್ನು ಅವರಿಗೇ ಬಿಟ್ಟುಕೊಟ್ಟು ಹೊಸದಾಗಿ ಅಚ್ಚಾಗದಂತೆ ನೋಡಿಕೊಂಡರು. ಚಿತ್ರ ತೆಗೆದವರದ್ದೋ, ಅಚ್ಚು ಹಾಕಿದವರದ್ದೋ, ಚಿತ್ರದಲ್ಲಿರುವವರದ್ದೋ ಎಂಬ ಪ್ರಶ್ನೆಗೆ ಇದು ಒಂದು ಉತ್ತರ.

ನಮ್ಮ ಪುಟಗಳಿಗೆ ಬರೋಣ. "ನಾಟಿ ಕಾರ್ಯದಲ್ಲಿ ತೊಡಗಿರುವ ಮಹಿಳೆಯರು" ಎಂದು ಬರೆದ ಚಿತ್ರದಲ್ಲಿ ಹತ್ತು ಬೆನ್ನುಗಳಿರುತ್ತವೆ, ಒಂದು ಹೆಸರೂ ಇರುವುದಿಲ್ಲ. ಪಕ್ಕದ ಪುಟದಲ್ಲಿ ಟ್ರ್ಯಾಕ್ಟರ್ ಮೇಲೆ ಕುಳಿತ ಯಜಮಾನರ ಹೆಸರು, ಊರು, ತಾಲ್ಲೂಕು ಎಲ್ಲ ಇರುತ್ತದೆ. ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಚಿತ್ರಗಳ ಪ್ರದರ್ಶನವೊಂದನ್ನು ಕಣ್ಣಿಗೆ ಕಾಣುವ ಕೆಲಸ, ಕಾಣದ ಹೆಂಗಸರು ಎಂಬ ಅರ್ಥದ ಹೆಸರಿನಲ್ಲಿ ಮಾಡಿದರು. ಬಿತ್ತುವ, ಕಳೆ ಕೀಳುವ, ಹೊರೆ ಹೊರುವ ಹೆಂಗಸರೇ ಅದರ ವಸ್ತು. ಸುಮ್ಮನೆ ಒಂದು ಸಂಚಿಕೆ ತೆಗೆದು ಎಣಿಸಿ ನೋಡಿ, ಅವರ ಮಾತು ಎಷ್ಟು ನಿಜ ಎಂಬುದು ತಿಳಿಯುತ್ತದೆ.

ಮಾಡಬಹುದಾದದ್ದು

ಪ್ರತಿ ಚಿತ್ರದ ಕೆಳಗೆ ಬೆಳೆದವರ ಮತ್ತು ದುಡಿದವರ ಹೆಸರು ಅವರ ಒಪ್ಪಿಗೆಯಂತೆ ಇರಬೇಕು. ಊರು, ತಿಂಗಳು, ತಳಿ, ಖುಷ್ಕಿಯೋ ನೀರಾವರಿಯೋ ಎಂಬುದು ಇರಬೇಕು. ಬೆಳೆಗೆ ಎಷ್ಟು ದಿನವಾಗಿತ್ತು ಎಂಬುದನ್ನಂತೂ ಬಿಡಲೇಬಾರದು. ಸಾಲಗಾರರ, ರೋಗಿಗಳ, ಬೆಳೆ ಕಳೆದುಕೊಂಡವರ ಮುಖ ಹಾಕುವ ಮುನ್ನ ಮತ್ತೊಮ್ಮೆ ಕೇಳಬೇಕು, ಏಕೆಂದರೆ ಪತ್ರಿಕೆ ಅವರ ಬೀಗರ ಮನೆಗೂ ಹೋಗುತ್ತದೆ. ದೀಪ ಬೆಳಗುವ ಚಿತ್ರಗಳನ್ನು ವರ್ಷದ ಕೊನೆಗೆ ಒಂದೇ ಪುಟದಲ್ಲಿ ಸಣ್ಣದಾಗಿ ಹಾಕಿದರೆ ಯಾರಿಗೂ ಬೇಸರವಾಗದು. ಆದರೂ ಆದೀತು, ಆಗಲಿ.

ಇದಕ್ಕೆ ಪೇಟೆಯಿಂದ ಛಾಯಾಗ್ರಾಹಕರನ್ನೇ ಕರೆಸಬೇಕೆಂದಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಅಡಿಕೆ ಪತ್ರಿಕೆ ರೈತರೇ ಬರೆಯಬೇಕೆಂದು ಹಟ ಹಿಡಿದು, ಅವರಿಗೆ ಲೇಖನ ಬರೆಯುವ ಶಿಬಿರಗಳನ್ನು ನಡೆಸಿ, ಬರೆಸಿಯೇ ತೋರಿಸಿತು. ಲೇಖನಿಗೆ ಸಾಧ್ಯವಾದದ್ದು ಕ್ಯಾಮೆರಾಕ್ಕೂ ಸಾಧ್ಯ. ಪ್ರತಿ ತಾಲ್ಲೂಕಿನಿಂದ ಇಬ್ಬರು ತರುಣರು, ಇಬ್ಬರು ತರುಣಿಯರನ್ನು ಕರೆದು ಮೂರು ದಿನ ತರಬೇತಿ ಕೊಟ್ಟರೆ, ಮೂರು ದೂರ, ಹೆಗಲ ಹಿಂದಿನ ನೋಟ, ಕೆಳಗೆ ಬರೆಯುವ ಒಕ್ಕಣೆ ಇಷ್ಟನ್ನು ಕಲಿಸಬಹುದು. ಬೆಳೆಯ ಪಾಠ ಅವರಿಗೆ ಆಗಲೇ ಆಗಿದೆ. ಕಾರ್ಲ್ ಮೈಡಾನ್ಸ್ ಅವರಿಗೆ ಅಷ್ಟು ಹೊತ್ತು ಕುಳಿತು ಕೇಳಬೇಕಾದದ್ದು ಇವರಿಗೆ ಹುಟ್ಟಿನಿಂದ ಬಂದದ್ದು.

ಕೊನೆಯದಾಗಿ ಖರ್ಚಿನ ಒಂದು ಬಾಬ್ತು. ಚಿತ್ರ ಪ್ರಕಟವಾದ ಸಂಚಿಕೆಯ ಎರಡು ಪ್ರತಿಗಳನ್ನು ಚಿತ್ರದಲ್ಲಿರುವವರ ವಿಳಾಸಕ್ಕೆ ಕಳುಹಿಸಬೇಕು, ನಾಟಿ ಹಾಕಿದ ಹತ್ತು ಜನರಿದ್ದರೆ ಹತ್ತು ವಿಳಾಸಕ್ಕೂ. ಮುಂದಿನ ಆಯವ್ಯಯದಲ್ಲಿ ಅಂಚೆ ವೆಚ್ಚದ ಕೆಳಗೆ ಇದಕ್ಕೊಂದು ಸಾಲು ಸೇರಿಸುವಂತೆ ಸಂಪಾದಕ ಮಂಡಳಿಯನ್ನು ಕೋರುತ್ತೇನೆ.